ರ್ಯಾಕ್ ಆಮೇಲೆ ನೋಡೋಣ, ಮೊದಲು ಫರ್ಸಿ ತಟ್ಟಿ
(ಓದುಗರ ಪ್ರಶ್ನೆ, ಗೋದಾಮಿನವಳ ಉತ್ತರ)

ಗೋದಾಮು, ಸ್ಟೋರು, ಸರಕು ಇಡುವ ಜಾಗದ ಬಗ್ಗೆ ಏನಾದರೂ ಕೇಳುವುದಿದ್ದರೆ ಬರೆಯಿರಿ ಎಂದು ಕಳೆದ ತಿಂಗಳು ಸಂಪಾದಕರು ಒಂದು ಸಾಲು ಹಾಕಿದ್ದರು. ನಾಲ್ಕು ಕಾಗದ ಬಂದರೆ ಜಾಸ್ತಿ ಅಂದುಕೊಂಡಿದ್ದೆ. ಒಂದು ಕೈಚೀಲ ತುಂಬ ಬಂದಿವೆ. ಅರ್ಧಕ್ಕರ್ಧ ಜನ ಕೇಳಿರುವುದು ಒಂದೇ ಮಾತು: ಯಾವ ರ್ಯಾಕ್ ತಗೊಳ್ಳಲಿ?

ನನ್ನ ಬಗ್ಗೆ ಎರಡೇ ಮಾತು. ಬೀದರಿನ ಕೊಳಾರ ಕೈಗಾರಿಕಾ ಪ್ರದೇಶದ ಒಂದು ಔಷಧ ಕಾರ್ಖಾನೆಯಲ್ಲಿ ಸ್ಟೋರ್ ಕ್ಲರ್ಕ್ ಆಗಿ ಶುರು ಮಾಡಿದೆ. ಮದುವೆಯಾಗಿ ಕಲಬುರಗಿಗೆ ಬಂದ ಮೇಲೆ ದಾಲ್ ಮಿಲ್ಲುಗಳ ಗೋದಾಮು ನೋಡಿಕೊಂಡೆ. ಎಲ್ಲ ಸೇರಿ 27 ವರ್ಷ. ಸೆರಗು ಸೊಂಟಕ್ಕೆ ಸಿಕ್ಕಿಸಿ ಥಪ್ಪಿ (ಒಂದರ ಮೇಲೊಂದು ಒಟ್ಟಿದ ಚೀಲದ ರಾಶಿ) ಏರಿ ಚೀಲ ಎಣಿಸಿದ್ದೇನೆ, ಎಣಿಕೆ ತಪ್ಪಿ ಬೈಸಿಕೊಂಡಿದ್ದೇನೆ. ಇಂಜಿನಿಯರ್ ಅಲ್ಲ. ಇಂಜಿನಿಯರ್ ಬೇಕಾದ ಕಡೆ ಬೇಕು ಅಂತಲೇ ಹೇಳುತ್ತೇನೆ.

ಪ್ರಶ್ನೆ: ಕಪನೂರದಲ್ಲಿ ನಮ್ಮ ದಾಲ್ ಮಿಲ್ ಇದೆ. ಪಕ್ಕದ ಪತ್ರಾ (ತಗಡಿನ) ಶೆಡ್ ಕೊಂಡಿದ್ದೇವೆ. 60 ಅಡಿ ಅಗಲ, 100 ಅಡಿ ಉದ್ದ, ಗೋಡೆ ಎತ್ತರ 22 ಅಡಿ. ಕೆಳಗೆ ಶಹಾಬಾದ್ ಫರ್ಸಿ (ಹಾಸುವ ಕಲ್ಲು ಚಪ್ಪಡಿ). ಪ್ಯಾಲೆಟ್ ರ್ಯಾಕ್ (ಪ್ಯಾಲೆಟ್ ಅಂದರೆ ಸರಕು ಪೇರಿಸುವ ಮಣೆ, ಅವನ್ನು ಅಂತಸ್ತು ಅಂತಸ್ತಾಗಿ ಇಡುವ ಕಬ್ಬಿಣದ ಚೌಕಟ್ಟು) ಹಾಕಿಸಿದರೆ ಜಾಗ ದುಪ್ಪಟ್ಟು ಆಗುತ್ತದೆ ಅಂತ ಒಬ್ಬ ಮಾರಾಟದವರು ಹೇಳುತ್ತಿದ್ದಾರೆ. ಹಾಕಿಸಲೇ?
– ದಾಲ್ ಮಿಲ್ ಮಾಲೀಕರು, ಕಲಬುರಗಿ

ದುಪ್ಪಟ್ಟು ಅಂದರೆ ಯಾವುದರ ದುಪ್ಪಟ್ಟು ಅಂತ ಕೇಳಿದಿರಾ? ಅಲ್ಲೇ ಇರೋದು ಗುಟ್ಟು.

ಒಂದು ಕಾಗದ, ಪೆನ್ಸಿಲ್ ತಗೊಂಡು ಕೂತುಕೊಳ್ಳಿ. ಸರ್ಕಾರಿ ಗೋದಾಮುಗಳಲ್ಲಿ ಹಾಕುವ ಹಾಗೆ 30 ಅಡಿಗೆ 20 ಅಡಿ ಥಪ್ಪಿ ಹಾಕುತ್ತೀರಿ ಅಂದುಕೊಳ್ಳೋಣ. ಸುತ್ತ ಗೋಡೆಯಿಂದ 3 ಅಡಿ ಬಿಡಿ. ನಡುವೆ ಉದ್ದಕ್ಕೆ 14 ಅಡಿ ಓಣಿ ಬಿಡಿ. ಥಪ್ಪಿ ಥಪ್ಪಿ ನಡುವೆ 2 ಅಡಿ. ನಿಮ್ಮ ಶೆಡ್ಡಿನಲ್ಲಿ ಆ ಕಡೆ ಮೂರು, ಈ ಕಡೆ ಮೂರು, ಒಟ್ಟು ಆರು ಥಪ್ಪಿ ಅಳತೆ ಮಾಡಿಸಿದ ಹಾಗೆ ಕೂರುತ್ತವೆ. ಹಮಾಲರು 12 ಅಡಿ ಎತ್ತರ ಒಟ್ಟಿದರೆ ಒಂದು ಥಪ್ಪಿ 7,200 ಘನ ಅಡಿ. ಒಂದು ಟನ್ ತೊಗರಿ ಚೀಲಕ್ಕೆ ಸುಮಾರು ಒಂದೂವರೆ ಘನ ಮೀಟರ್, ಅಂದರೆ 53 ಘನ ಅಡಿ ಜಾಗ ಬೇಕು. ಭಾಗಿಸಿ. ಒಂದು ಥಪ್ಪಿಗೆ ಹತ್ತಿರ ಹತ್ತಿರ 135 ಟನ್. ಆರಕ್ಕೆ 800 ಟನ್.

ಈಗ ಅದೇ ಶೆಡ್ಡಿನಲ್ಲಿ ರ್ಯಾಕ್ ಹಾಕಿ ನೋಡಿ. ಸಾಮಾನ್ಯ ಫೋರ್ಕ್‌ಲಿಫ್ಟ್ (ಪ್ಯಾಲೆಟ್ ಎತ್ತುವ ಗಾಡಿ) ತಿರುಗಬೇಕಾದರೆ ಮೂರೂವರೆ ಮೀಟರ್ ಓಣಿ ಬೇಕು, ಅದೂ ಡ್ರೈವರ್ ಪಳಗಿದವನಿದ್ದರೆ. 18 ಮೀಟರ್ ಅಗಲದಲ್ಲಿ ಮೂರು ಓಣಿ ಬಿಟ್ಟರೆ ಆರು ಸಾಲು ರ್ಯಾಕ್. ತುದಿಯಲ್ಲಿ ಗಾಡಿ ಹೊರಳಲು ಜಾಗ ಬಿಟ್ಟರೆ ಒಂದು ಸಾಲಿಗೆ ಒಂಬತ್ತು ಖಾನೆ. ಖಾನೆಗೆ ಎರಡು ಪ್ಯಾಲೆಟ್, ನೆಲದ್ದೂ ಸೇರಿ ನಾಲ್ಕು ಅಂತಸ್ತು. 50 ಕೆ.ಜಿ.ಯ 20 ಚೀಲ ಒಂದು ಪ್ಯಾಲೆಟ್ಟಿಗೆ, ಅಂದರೆ ಒಂದು ಟನ್. ಎಲ್ಲ ಗುಣಿಸಿದರೆ 432 ಪ್ಯಾಲೆಟ್, 432 ಟನ್.

ಹಣ ಕೊಟ್ಟು ರ್ಯಾಕ್ ಹಾಕಿಸಿ, ಇದ್ದ ಜಾಗದ ಹೆಚ್ಚುಕಡಿಮೆ ಅರ್ಧ ಕಳೆದುಕೊಂಡ ಹಾಗಾಯಿತು!

ಹಾಗಂತ ಮಾರಾಟದವರು ಸುಳ್ಳು ಹೇಳಿದರು ಅನ್ನಲಾರೆ. ಅವರು ಹೋಲಿಸಿದ್ದು ಒಂದರ ಮೇಲೊಂದು ಒಟ್ಟಲಾಗದ ಸರಕಿಗೆ. ಬಿಸ್ಕೆಟ್ ಪೆಟ್ಟಿಗೆ, ಗಾಜಿನ ಬಾಟಲಿ, ಟೀವಿ ಇಂಥವನ್ನು ಮೂರು ಆಳು ಎತ್ತರ ಒಟ್ಟಿದರೆ ಕೆಳಗಿನದು ಚಪ್ಪಟೆ. ಅಲ್ಲಿ ತಲೆ ಮೇಲಿನ ಗಾಳಿ ಎಲ್ಲ ದಂಡ. ರ್ಯಾಕ್ ಬಂದರೆ ಆ ಗಾಳಿ ಜಾಗವಾಗುತ್ತದೆ, ದುಪ್ಪಟ್ಟು ಯಾಕೆ, ಮೂರು ಪಟ್ಟು ಆಗುತ್ತದೆ. ತೊಗರಿ ಚೀಲಕ್ಕೆ ಇನ್ನೊಂದು ತೊಗರಿ ಚೀಲವೇ ರ್ಯಾಕು.

ರ್ಯಾಕ್ ಕೊಡುವುದು ಇನ್ನೊಂದನ್ನು. ಬೇಕಾದ ಪ್ಯಾಲೆಟ್ಟನ್ನು ಬೇಕಾದಾಗ ಬೇರೆ ಯಾವುದನ್ನೂ ಕದಲಿಸದೆ ತೆಗೆಯಬಹುದು. ಅದು ನಿಮಗೆ ಬೇಕಾ? ಡಿಸೆಂಬರ್‌ನಿಂದ ಫೆಬ್ರವರಿಯವರೆಗೆ ಗಂಜಿನಿಂದ (ಕೃಷಿ ಮಾರುಕಟ್ಟೆಯಿಂದ) ಬರುವ ಇಡೀ ತೊಗರಿ ಒಂದೇ ಜಾತಿ ಸರಕು. ವರ್ಷವಿಡೀ ಮಿಲ್ಲಿಗೆ ಹೋಗುತ್ತದೆ. ಮೊದಲು ಬಂದ ಥಪ್ಪಿ ಮೊದಲು ಒಡೆದರೆ ಸಾಕು. ಇದಕ್ಕೆ ರ್ಯಾಕ್ ಬೇಡ. ತಯಾರಾದ ಬೇಳೆ ಹಾಗಲ್ಲ. ದರ್ಜೆಯಲ್ಲೇ ಫಟ್ಕಾ ಬೇರೆ, ಸವಾ ನಂಬರ್ ಬೇರೆ, ಕಿಲೋ ಪ್ಯಾಕೆಟ್ ಬೇರೆ, 30 ಕೆ.ಜಿ. ಚೀಲ ಬೇರೆ, ಪ್ರತಿ ಗಿರಾಕಿಯ ಛಾಪು ಬೇರೆ. ದಿನಾ ಒಂದಿಷ್ಟು ಬರುತ್ತೆ, ಒಂದಿಷ್ಟು ಹೋಗುತ್ತೆ. ಇದನ್ನು ಥಪ್ಪಿಯಲ್ಲಿ ಇಟ್ಟರೆ ಬೇಕಾದದ್ದು ಯಾವಾಗಲೂ ಅಡಿಗೇ ಇರುತ್ತದೆ. ನನ್ನ ಮಾತು ಕೇಳುವುದಾದರೆ ಲಾರಿ ಬಾಗಿಲ ಹತ್ತಿರದ ಐದನೇ ಒಂದು ಭಾಗಕ್ಕೆ ಮಾತ್ರ ರ್ಯಾಕ್ ಹಾಕಿಸಿ. ಉಳಿದದ್ದು ಮರದ ಹಲಗೆ ಚೌಕಟ್ಟಿನ ಮೇಲೆ ಥಪ್ಪಿ. ಬರೀ ತಾಡಪತ್ರಿ ಹಾಸಿ ಅದರ ಮೇಲೆ ಒಟ್ಟಬೇಡಿ. ಕೆಳಗಿನ ಚೀಲದ ಹೊಟ್ಟೆಗೆ ಗಾಳಿ ಆಡಬೇಕು.

ಆ ಐದನೇ ಒಂದು ಭಾಗಕ್ಕೂ ಒಂದು ತಕರಾರಿದೆ. ಫರ್ಸಿ.

ನಮ್ಮ ಕಡೆ ಫರ್ಸಿ ಅಂದರೆ ಅಭಿಮಾನ. ಬೇಸಿಗೆಯಲ್ಲಿ ತಂಪು, ತೊಳೆಯಲು ಸುಲಭ, ಕಾಸಿಗೂ ಅಗ್ಗ. ಆದರೆ ಅದು ಹಾಸುಗಲ್ಲು, ಅಡಿಪಾಯ ಅಲ್ಲ. ಲೆಕ್ಕ ನೋಡಿ. ನೆಲದ ಮೇಲಿನ ಪ್ಯಾಲೆಟ್ ಬಿಟ್ಟು ಮೇಲಿನ ಮೂರು ಅಂತಸ್ತಿನಲ್ಲಿ ಖಾನೆಗೆ ಎರಡೆರಡು ಟನ್. ನಡುವಿನ ಒಂದು ಚೌಕಟ್ಟು ಎಡದ ಖಾನೆಯ ಅರ್ಧ, ಬಲದ ಖಾನೆಯ ಅರ್ಧ ಹೊರುತ್ತದೆ. 6 ಟನ್ ಆಯಿತು. ಚೌಕಟ್ಟಿಗೆ ಎರಡು ಕಾಲು. ಒಂದು ಕಾಲಿಗೆ 3 ಟನ್. ಆ ಕಾಲಿನ ಕೆಳಗಿನ ತಗಡು ನಿಮ್ಮ ಅಂಗೈಯಷ್ಟು. ಮೂರು ಟನ್ ಭಾರವನ್ನು ಅಂಗೈಯಗಲದ ತಗಡು ಒಂದೂವರೆ ಇಂಚಿನ ಕಲ್ಲಿನ ಮೇಲೆ ಒತ್ತುತ್ತದೆ. ಕಲ್ಲಿನ ಕೆಳಗೆ ಏನಿದೆ ಅಂತ ಹಾಸಿದ ಗೌಂಡಿಗೇ ಗೊತ್ತು.

ಒಂದು ಕೆಲಸ ಮಾಡಿ. ಕೈಯಲ್ಲಿ ದೊಡ್ಡ ಕೀಲಿ ಹಿಡಿದು ಒಂದೊಂದು ಫರ್ಸಿ ಮೇಲೆ ತಟ್ಟುತ್ತ ಹೋಗಿ. ಟಣ್ ಅಂದರೆ ಕೆಳಗೆ ಗಟ್ಟಿ ಇದೆ. ಬೊದ್ ಅಂದರೆ ಪೊಳ್ಳು. ನಾನು ಒಂದು ಗೋದಾಮಿನಲ್ಲಿ ಹೀಗೆ ತಟ್ಟಿ ಸುಣ್ಣದಿಂದ ಗುರುತು ಮಾಡಿದೆ. ಸಂಜೆಗೆ ನೆಲದ ತುಂಬ ಸುಣ್ಣ. ಯಾರೂ ಕೇಳಲಿಲ್ಲ, ರ್ಯಾಕ್ ನಿಂತಿತು. ಮುಂದಿನ ಭಾದ್ರಪದದಲ್ಲಿ ನೋಡುತ್ತೇನೆ, ಕೊನೇ ಸಾಲು ಯಾಕೋ ಕಣ್ಣಿಗೆ ಸರಿ ಕಾಣಲಿಲ್ಲ. ದಾರಕ್ಕೆ ಕೀಲಿಗೊಂಚಲು ಕಟ್ಟಿ ಮೇಲಿನಿಂದ ಇಳಿಬಿಟ್ಟೆ. ಮೇಲೆ ದಾರ ಕಂಬಕ್ಕೆ ತಾಗಿತ್ತು, ಕೆಳಗೆ ಎರಡು ಬೆರಳು ಸಂದು. ಕಲ್ಲು ಒಡೆದು ಕಾಲು ಕೂತಿತ್ತು. ಅದು ಎರೆ ನೆಲ ಬೇರೆ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಾಯಿ ಬಿಡುತ್ತದೆ, ಮೇಲಿದ್ದದ್ದನ್ನೂ ಜೊತೆಗೆ ಎತ್ತಿ ಇಳಿಸುತ್ತದೆ. ಆ ರಾತ್ರಿಯೇ ಹಮಾಲರನ್ನು ಕರೆಸಿ ಮೇಲಿನಿಂದ ಕೆಳಗೆ ಸರಕು ಇಳಿಸಿದೆವು. ಯಾರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಎರಡು ದಿನ ಊಟ ಸೇರಲಿಲ್ಲ.

ಹಾಗಾಗಿ ರ್ಯಾಕ್ ನಿಲ್ಲುವ ಭಾಗದ ಫರ್ಸಿ ಎತ್ತಿಸಿ. ಎರೆ ಮಣ್ಣು ತೆಗೆಸಿ, ಗರಸು ತುಂಬಿ ರೋಲರ್ ಹೊಡೆಸಿ, ಮೇಲೆ ಕಬ್ಬಿಣ ಹಾಕಿದ ಕಾಂಕ್ರೀಟ್ ಹಾಸಿ. ಎಷ್ಟು ಆಳ, ಎಷ್ಟು ದಪ್ಪ ಅನ್ನುವುದು ಸಿವಿಲ್ ಇಂಜಿನಿಯರ್ ಹೇಳಬೇಕು, ಗೌಂಡಿ ಅಲ್ಲ. ರ್ಯಾಕಿನ ಪ್ರತಿ ಕಾಲನ್ನೂ ಆ ಕಾಂಕ್ರೀಟಿಗೆ ಬೋಲ್ಟ್ ಹಾಕಿ ಹಿಡಿಸಬೇಕು. ಫರ್ಸಿಯಲ್ಲಿ ಬೋಲ್ಟ್ ನಿಲ್ಲುವುದಿಲ್ಲ.

ಇನ್ನೊಂದು. ಕಾಗದದಲ್ಲಿ ಫೋರ್ಕ್‌ಲಿಫ್ಟ್ ಮಾತೇ ಇಲ್ಲವಲ್ಲ? ಕೈಯಿಂದ ಎಳೆಯುವ ಹ್ಯಾಂಡ್ ಪ್ಯಾಲೆಟ್ ಟ್ರಕ್ ಎತ್ತುವುದು 200 ಮಿಲಿಮೀಟರ್ ಮಾತ್ರ. ಅದರಿಂದ ನೆಲದ ಮೇಲೆ ಎಳೆದಾಡಬಹುದು, ರ್ಯಾಕಿಗೆ ಏರಿಸಲಾಗದು. ಎತ್ತುವ ಗಾಡಿ ಯಾವುದು ಅಂತ ಗೊತ್ತಾಗದೆ ಓಣಿಯ ಅಗಲ ಬರೆಯಲಾಗದು. ಓಣಿ ಗೊತ್ತಾಗದೆ ರ್ಯಾಕಿನ ನಕ್ಷೆ ಬರೆದುಕೊಟ್ಟವರು ನಿಮ್ಮ ಶೆಡ್ ನೋಡಿಲ್ಲ, ಅವರ ಪಟ್ಟಿ ನೋಡಿದ್ದಾರೆ.

ಪ್ರಶ್ನೆ: ಹೈದರಾಬಾದಿನಲ್ಲಿ ಹಳೇ ಪ್ಯಾಲೆಟ್ ರ್ಯಾಕ್ ಅರ್ಧ ಬೆಲೆಗೆ ಸಿಗುತ್ತಿವೆ. ಬಣ್ಣ ಹೊಡೆದು ಹೊಸದರಂತೆ ಮಾಡಿಕೊಡುತ್ತಾರೆ. ತರಬಹುದೇ?
– ಕಿರಾಣಿ ಸಗಟು ವ್ಯಾಪಾರಿ, ಸೇಡಂ

ಬಣ್ಣ ಹೊಡೆಯುವ ಮೊದಲೇ ಹೋಗಿ ನೋಡಿ. ಬಣ್ಣ ಹೊಡೆದ ಮೇಲೆ ಎಲ್ಲ ಮದುಮಗನೇ.

ಜೊತೆಗೆ ಒಂದು ಮೀಟರ್ ಉದ್ದದ ನೆಟ್ಟನೆ ಪಟ್ಟಿ ಒಯ್ಯಿರಿ. ಅಲ್ಯುಮಿನಿಯಂ ಕಿಟಕಿ ಮಾಡುವವರ ಹತ್ತಿರ ತುಂಡು ಸಿಗುತ್ತದೆ. ಕಂಬದ ಮೇಲೆ ಅದನ್ನು ಒತ್ತಿ ಹಿಡಿದು ಸಂದು ನೋಡಿ. ಹೆಚ್ಚಾಗಿ ಕೆಳಗಿನ ಎರಡಡಿಯಲ್ಲೇ ಪೆಟ್ಟು ಇರುತ್ತದೆ, ಫೋರ್ಕ್‌ಲಿಫ್ಟಿನ ಹಿಂಭಾಗ ಗುದ್ದುವ ಎತ್ತರ ಅದು. ಸಂದು 3 ಮಿಲಿಮೀಟರ್ ದಾಟಿದ ಕಂಬವನ್ನು ನಾನು ಬದಿಗೆ ಇಡಿಸುತ್ತೇನೆ. ಸುತ್ತಿಗೆಯಿಂದ ಬಡಿದು ನೆಟ್ಟಗೆ ಮಾಡಿದ್ದು, ಬೆಸುಗೆ ಹಾಕಿದ್ದು ಕೂಡ ಬೇಡ. ತೆಳು ತಗಡನ್ನು ಮಡಿಸಿ ಮಾಡಿದ ಕಂಬ ಅದು. ಅದರ ಶಕ್ತಿ ಎಲ್ಲ ಮಡಿಕೆಯಲ್ಲಿ. ಮಡಿಕೆ ಒಮ್ಮೆ ಸೋತರೆ ಸೋತಿತು.

ಆಮೇಲೆ ಬೀಮ್, ಅಂದರೆ ಪ್ಯಾಲೆಟ್ ಹೊರುವ ಅಡ್ಡಪಟ್ಟಿ. ಅದರ ತುದಿಯ ಕೊಕ್ಕೆ ಕಂಬದ ತೂತಿಗೆ ಕೂರುತ್ತದೆ. ಒಂದು ಕಂಪನಿಯ ಬೀಮು ಇನ್ನೊಂದು ಕಂಪನಿಯ ಕಂಬಕ್ಕೆ ಕೂತ ಹಾಗೆ ಕಾಣುತ್ತದೆ, ಕೂತಿರುವುದಿಲ್ಲ. ಪ್ರತಿ ತುದಿಗೂ ಒಂದು ಸಣ್ಣ ಸೇಫ್ಟಿ ಪಿನ್ ಇರಬೇಕು. ಕೆಳಗಿನಿಂದ ಗಾಡಿ ತಗುಲಿದರೆ ಬೀಮ್ ಎಗರದಂತೆ ಹಿಡಿಯುವುದು ಅದೊಂದೇ. ಹಳೇ ರ್ಯಾಕ್ ಮಾರುವವರ ಹತ್ತಿರ ಎಲ್ಲ ಇರುತ್ತದೆ, ಈ ಪಿನ್ ಮಾತ್ರ ಇರುವುದಿಲ್ಲ. ಎಣಿಸಿ ತಗೊಳ್ಳಿ.

ಎಷ್ಟು ತೂಕ ತಡೆಯುತ್ತದೆ ಅಂತ ಬರೆದ ಫಲಕ ಇದ್ದರೆ ಅದನ್ನು ಹಾಗೇ ನಂಬಬೇಡಿ. ಆ ತೂಕ ಬರೆದದ್ದು ಹಳೇ ಜಾಗದ ಅಂತಸ್ತಿನ ಎತ್ತರಕ್ಕೆ. ಮೊದಲ ಬೀಮನ್ನು ನೀವು ಮೇಲೆ ಸರಿಸಿದರೆ ಕಂಬ ಅಷ್ಟು ಉದ್ದಕ್ಕೆ ಆಸರೆ ಇಲ್ಲದೆ ನಿಲ್ಲುತ್ತದೆ, ತಡೆಯುವ ತೂಕ ಇಳಿಯುತ್ತದೆ. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಎತ್ತರದ ಸರಕು ಬಂತು ಅಂತ ಸುಮ್ನೆ ಬೀಮ್ ಮೇಲೆ ಏರಿಸುತ್ತಾರೆ.

ಅರ್ಧ ಬೆಲೆ ಅಂದಿದ್ದೀರಿ. ಲಾರಿ ಬಾಡಿಗೆ, ಬದಿಗಿಟ್ಟ ಕಂಬಗಳು, ಹೊಸ ಪಿನ್ನು, ಬೋಲ್ಟು, ನಿಲ್ಲಿಸುವ ಕೂಲಿ ಸೇರಿಸಿ ಮತ್ತೆ ಲೆಕ್ಕ ಹಾಕಿ. ಆಗಲೂ ಅಗ್ಗ ಅನಿಸಿದರೆ ತನ್ನಿ. ನಾನೂ ಎರಡು ಸಲ ತರಿಸಿದ್ದೇನೆ. ಒಂದು ಸಲ ಚೆನ್ನಾಗಿತ್ತು.

ಪ್ರಶ್ನೆ: ಬೀದರ್ ಊರೊಳಗೆ ಔಷಧ ಸಗಟು ಮಳಿಗೆ. 30 ಅಡಿಗೆ 40 ಅಡಿ ಹಾಲ್, 14 ಅಡಿ ಎತ್ತರ. ಸಾವಿರಕ್ಕೂ ಮೇಲೆ ಬಗೆ ಮಾತ್ರೆ, ಟಾನಿಕ್. ತಂದೆಯ ಕಾಲದ ತೂತಿನ ಆಂಗಲ್ ರ್ಯಾಕುಗಳು ಬಾಗಿವೆ. ಅಟ್ಟ ಹಾಕಿ ಎರಡು ಅಂತಸ್ತು ಮಾಡೋಣ ಅನ್ನುತ್ತಾನೆ ಮಗ. ನಿಮ್ಮ ಅಭಿಪ್ರಾಯ?
– ಔಷಧ ವ್ಯಾಪಾರಿ, ಬೀದರ್

ತೂತಿನ ಆಂಗಲ್ ಅಂದ ಕೂಡಲೇ ನನ್ನ ಮೊದಲ ಕೆಲಸ ನೆನಪಾಯಿತು. ಅದರ ನಟ್ಟು ಬಿಗಿದು ಬಿಗಿದು ಬಲಗೈ ಹೆಬ್ಬೆರಳು ಇವತ್ತಿಗೂ ಒರಟು. ಡೆಮಿಟ್ರಿಯಸ್ ಕೊಮಿನೊ ಅನ್ನುವವರು 1947ರಲ್ಲಿ ಲಂಡನ್ನಿನಲ್ಲಿ ಡೆಕ್ಸಿಯಾನ್ ಅಂತ ಹೆಸರಿಟ್ಟು ಇದನ್ನು ಮಾರಲು ಶುರು ಮಾಡಿದರು. ಬೆಸುಗೆ ಇಲ್ಲದೆ, ಬೇಕಾದ ಹಾಗೆ ಕತ್ತರಿಸಿ ಕಟ್ಟಿಕೊಳ್ಳುವ ಕಬ್ಬಿಣ. ಮಕ್ಕಳ ಮೆಕ್ಯಾನೋ ಆಟದ್ದೇ ದೊಡ್ಡಣ್ಣ. ಅದನ್ನು ಬೈಯಬೇಡಿ. ಬಾಗಿದ್ದು ಆಂಗಲ್ಲಿನ ತಪ್ಪಲ್ಲ, ಟಾನಿಕ್ ಪೆಟ್ಟಿಗೆಯನ್ನು ಮೇಲಿನ ಹಲಗೆಗೆ ಏರಿಸಿದವರದ್ದು.

ಬಾಗಿದ್ದು ಎಷ್ಟು ಅಂತ ಅಳೆಯಿರಿ. ಹಲಗೆಯ ಈ ತುದಿಯಿಂದ ಆ ತುದಿಗೆ ದಾರ ಬಿಗಿಯಾಗಿ ಹಿಡಿದು ನಡುವೆ ಸ್ಕೇಲ್ ಇಡಿ. ಉದ್ದದ 200ರಲ್ಲಿ ಒಂದು ಪಾಲಿನವರೆಗೆ ಬಾಗಿದರೆ ನಡೆಯುತ್ತದೆ. 6 ಅಡಿ ಹಲಗೆಗೆ ಅದು 9 ಮಿಲಿಮೀಟರ್. ಅದಕ್ಕಿಂತ ಜಾಸ್ತಿ ಇದ್ದರೆ, ಸರಕು ತೆಗೆದ ಮೇಲೂ ಬಾಗಿಯೇ ಇದ್ದರೆ, ಅದು ಮುಗಿಯಿತು.

ಹೊಸದು ತರುವುದಾದರೆ ಲಾಂಗ್‌ಸ್ಪಾನ್ ಅನ್ನುವ ಬಗೆ ನೋಡಿ. ನಟ್ಟು ಬೋಲ್ಟು ಇಲ್ಲ, ಬೀಮ್ ಕೊಕ್ಕೆಯಂತೆ ಕೂರುತ್ತದೆ. ಆರಡಿ ಖಾನೆಗೆ ನಡುವೆ ಕಂಬ ಅಡ್ಡ ಬರುವುದಿಲ್ಲ. ಪೆಟ್ಟಿಗೆ ಕೈಯಲ್ಲೇ ಇಟ್ಟು ತೆಗೆಯಬಹುದು.

ಅಟ್ಟದ ವಿಷಯ. 14 ಅಡಿಯನ್ನು ಎರಡು ಮಾಡಿದರೆ ಅಟ್ಟದ ದಪ್ಪ ಕಳೆದು ಒಂದೊಂದಕ್ಕೆ ಆರೂವರೆ, ಆರೂಮುಕ್ಕಾಲು ಅಡಿ. ನಿಮ್ಮ ಮಗನ ಎತ್ತರ ಎಷ್ಟೋ! ತಲೆ ತಗುಲದಿದ್ದರೂ ಬಿಸಿ ತಗುಲುತ್ತದೆ. ಮೇ ತಿಂಗಳಲ್ಲಿ ಮಧ್ಯಾಹ್ನ ಮೂರಕ್ಕೆ ಸ್ಲ್ಯಾಬಿನ ಕೆಳಗೆ ಒಂದು ಥರ್ಮಾಮೀಟರ್, ನೆಲದಿಂದ ಮೂರಡಿಗೆ ಒಂದು ತೂಗುಹಾಕಿ ನೋಡಿ. ಎಷ್ಟೋ ಮಾತ್ರೆಗಳ ಪೆಟ್ಟಿಗೆ ಮೇಲೆ 30 ಡಿಗ್ರಿಗಿಂತ ಕೆಳಗೆ ಇಡಿ ಅಂತ, ಕೆಲವಕ್ಕೆ 25 ಅಂತ ಬರೆದಿರುತ್ತದೆ. ಅವು ಮೇಲೆ ಹೋಗುವ ಹಾಗಿಲ್ಲ. ಅಟ್ಟ ಹಾಕಿಸುವುದೇ ಆದರೆ ಮೇಲೂ ಏಸಿ ಬೇಕು. ಇಲ್ಲವೇ ಹತ್ತಿ, ಬ್ಯಾಂಡೇಜು, ಮಕ್ಕಳ ಡಯಾಪರಿನಂಥ ಹಗುರ ಸರಕಿಗೆ ಮಾತ್ರ ಅಟ್ಟ ಬಿಡಿ. ಸಲೈನ್, ಟಾನಿಕ್ ಪೆಟ್ಟಿಗೆ ಕೆಳಗಿನ ಹಲಗೆಗೆ. ದಿನಾ ಹತ್ತು ಸಲ ಕೈ ಹೋಗುವ ಮಾತ್ರೆಗಳು ಸೊಂಟದಿಂದ ಭುಜದ ಎತ್ತರದೊಳಗೆ. ಅಕಾರಾದಿಯಾಗಿ ಜೋಡಿಸಿದರೆ ನೋಡಲು ಚೆಂದ, ಹುಡುಗರ ಮೊಣಕಾಲಿಗೆ ಕಷ್ಟ.

ಔಷಧಕ್ಕೆ ಎಲ್ಲಕ್ಕಿಂತ ದೊಡ್ಡದು ತಾರೀಖು. ಮೊದಲು ಬಂದದ್ದು ಮೊದಲು ಅಲ್ಲ, ಮೊದಲು ಮುಗಿಯುವುದು ಮೊದಲು ಹೊರಗೆ ಹೋಗಬೇಕು. ಎರಡೂ ಒಂದೇ ಅಲ್ಲ. ನಿನ್ನೆ ಬಂದ ಲಾಟಿನ ತಾರೀಖು ಹೋದ ತಿಂಗಳು ಬಂದದ್ದಕ್ಕಿಂತ ಹತ್ತಿರವಿರಬಹುದು. ನಾನು ಹಿಂದೆ ಇದ್ದ ಒಂದು ಕಡೆ ಜಾಗ ಉಳಿಯುತ್ತದೆ ಅಂತ ಡ್ರೈವ್-ಇನ್ ರ್ಯಾಕ್ ಹಾಕಿಸಿದರು. ಸುರಂಗದ ಹಾಗೆ ಇರುತ್ತದೆ. ಗಾಡಿ ರ್ಯಾಕಿನ ಒಳಗೇ ಹೋಗಿ ಹಿಂದಿನಿಂದ ತುಂಬುತ್ತ ಬರುತ್ತದೆ. ತೆಗೆಯುವಾಗ ಮುಂದಿನದೇ ಮೊದಲು. ಅಂದರೆ ಕೊನೆಗೆ ಬಂದದ್ದು ಮೊದಲು ಹೊರಗೆ. ಕಾಗದದಲ್ಲಿ ಜಾಗ ನಿಜಕ್ಕೂ ಉಳಿಯಿತು. ಮಾರ್ಚ್ ಕೊನೆಗೆ ಸರಕು ಎಣಿಸುವಾಗ ಐದನೇ ಪ್ಯಾಲೆಟ್ ಹೊರಗೆ ಎಳೆದರೆ ಅದರ ತಾರೀಖು ಜನವರಿಗೇ ಮುಗಿದಿತ್ತು. ಮೇಲೆ ನನ್ನದೇ ಸಹಿಯ ಚೀಟಿ. ಆ ರ್ಯಾಕ್ ಕೆಟ್ಟದ್ದಲ್ಲ. ಒಂದೇ ಲಾಟ್ ಬಂದು ಒಂದೇ ಸಲ ಹೊರಟುಹೋಗುವ ಸರಕಿಗೆ ಅದು ಬಂಗಾರ. ನಮಗೆ ಅದು ಹೊಂದಲಿಲ್ಲ, ಅಷ್ಟೇ.

ನಿಮ್ಮ ಹಾಲಿನಲ್ಲಿ ಎರಡು ಕಡೆಯೂ ಓಣಿ ಬರುವಂತೆ ಹಲಗೆ ಹಾಕಿ. ತಾರೀಖು ನೋಡಿ, ಬೇಗ ಮುಗಿಯುವುದು ಮುಂದೆ ಇರುವಂತೆ ಹಿಂದಿನಿಂದ ತುಂಬಿ, ಮುಂದಿನಿಂದ ತೆಗೆಯಿರಿ. ಖರ್ಚು ಒಂದು ಓಣಿ. ಮಗನಿಗೆ ಅದನ್ನು ಹೇಳಿ.

ಪ್ರಶ್ನೆ: ಹುಮನಾಬಾದಿನಲ್ಲಿ ಹಾರ್ಡ್‌ವೇರ್ ಅಂಗಡಿ. 20 ಅಡಿ ಪಿವಿಸಿ ಪೈಪು ಗೋಡೆಗೆ ಒರಗಿಸಿ ಇಟ್ಟರೆ ಬಿಲ್ಲಾಗುತ್ತವೆ. ಏನು ಮಾಡಲಿ?

ಕ್ಯಾಂಟಿಲೀವರ್ ರ್ಯಾಕ್. ಮುಂದೆ ಕಂಬ ಇಲ್ಲದೆ ಬರೀ ಕೈಗಳು ಹೊರಗೆ ಚಾಚಿದ ರ್ಯಾಕ್ ಅದು. ಪೈಪಿಗೆ ಎರಡು ಕೈ ಸಾಲದು, ನಡುವೆ ಜೋಲುತ್ತದೆ. ಕನಿಷ್ಠ ಮೂರು, ನಾಲ್ಕಾದರೆ ಒಳ್ಳೆಯದು. ಭಾರದ ಕಬ್ಬಿಣ ಕೆಳಗೆ, ಪಿವಿಸಿ ಮೇಲೆ. ಕೈಗಳ ತುದಿಯಲ್ಲಿ ಪೈಪು ಉರುಳದಂತೆ ತಡೆ ಇರಲಿ. ಬಿಸಿಲಿಗೆ ಮುಖ ಮಾಡಿ ಇಡಬೇಡಿ, ಬಣ್ಣ ಬಿಟ್ಟ ಪೈಪನ್ನು ಗಿರಾಕಿ ಮುಟ್ಟುವುದಿಲ್ಲ.

ಪ್ರಶ್ನೆ: ಶಹಾಪುರದ ಹತ್ತಿರ ಜಿನ್ನಿಂಗ್ ಫ್ಯಾಕ್ಟರಿ ಇದೆ. ಹತ್ತಿ ಬೇಲ್ (ಒತ್ತಿ ಕಟ್ಟಿದ ಹತ್ತಿಯ ಕಟ್ಟು) ಇಡಲು ರ್ಯಾಕ್ ಬೇಕಾ?
– ಯಾದಗಿರಿ ಜಿಲ್ಲೆಯ ಓದುಗರು

ಬೇಡ. ಒಂದು ಬೇಲ್ 170 ಕೆ.ಜಿ., ಚೌಕಾಕಾರ, ಒಂದರ ಮೇಲೊಂದು ತಾನೇ ನಿಲ್ಲುತ್ತದೆ. ರ್ಯಾಕಿನ ದುಡ್ಡನ್ನು ನೀರಿನ ಪೈಪಿಗೂ ಬೆಂಕಿ ಆರಿಸುವ ಸಲಕರಣೆಗೂ ಹಾಕಿ. ಹತ್ತಿ ಕಟ್ಟಿಗೆ ಬೆಂಕಿ ಬಿದ್ದರೆ ಹೊರಗೆ ಆರಿದ ಹಾಗೆ ಕಂಡರೂ ಒಳಗೆ ಗಂಟೆಗಟ್ಟಲೆ, ಕೆಲವೊಮ್ಮೆ ದಿನಗಟ್ಟಲೆ ಹೊಗೆಯಾಡುತ್ತಿರುತ್ತದೆ. ಒಂದೇ ದೊಡ್ಡ ರಾಶಿ ಬೇಡ. ಸಣ್ಣ ಸಣ್ಣ ಥಪ್ಪಿ, ನಡುವೆ ಅಗಲವಾದ ದಾರಿ. ಗೋಡೆಗೆ ಆನಿಸಬೇಡಿ. ಹತ್ತಿ ನೀರು ಕುಡಿದು ಉಬ್ಬಿದರೆ ಗೋಡೆ ನೂಕುತ್ತದೆ. ದೀಪ, ವೈರು ಥಪ್ಪಿಯ ನೆತ್ತಿ ಮೇಲೆ ಬರದೆ ದಾರಿಯ ಮೇಲೆ ಬರಲಿ.

ಪ್ರಶ್ನೆ: ಆಳಂದ ತಾಲೂಕಿನ ಹನ್ನೆರಡು ರೈತರು ಸೇರಿ ಸುಮಾರು 200 ಚೀಲ ತೊಗರಿ ಬೆಲೆ ಬರುವವರೆಗೆ ಊರಿನ ಒಂದು ಮನೆಯಲ್ಲಿ ಇಡಬೇಕು ಅಂತಿದ್ದೇವೆ. ಕಬ್ಬಿಣದ ಸ್ಟ್ಯಾಂಡ್ ಮಾಡಿಸಬೇಕಾ? ಹೋದ ವರ್ಷ ಹುಳು ಹಿಡಿದು ಬಹಳ ಹಾಳಾಯಿತು.

ಸ್ಟ್ಯಾಂಡ್ ಮಾತು ಬಿಡಿ. ಕಲಬುರಗಿ ತೊಗರಿಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿತು, ಸಂತೋಷ. ಹುಳು ಟ್ಯಾಗ್ ನೋಡುವುದಿಲ್ಲ, ತೇವ ನೋಡುತ್ತದೆ.

ಕಾಳಿನ ಮೇಲೆ ಸಣ್ಣ ಬಿಳಿ ಚುಕ್ಕೆ ನೋಡಿರುತ್ತೀರಿ. ಅದು ಮೊಟ್ಟೆ. ಮರಿ ಕಾಳಿನೊಳಗೆ ಕೊರೆದುಕೊಂಡು ಹೋಗಿ ತಿಂದು, ಬೆಚ್ಚಗಿದ್ದರೆ ಒಂದು ತಿಂಗಳ ಸುಮಾರಿಗೆ ದುಂಡನೆ ತೂತು ಮಾಡಿ ಹೊರಬರುತ್ತದೆ. ಎಷ್ಟೋ ಸಲ ಮೊಟ್ಟೆ ಹೊಲದಿಂದಲೇ ಬಂದಿರುತ್ತದೆ. ಅದಕ್ಕೇ ಮನೆ ಎಷ್ಟು ಗುಡಿಸಿದರೂ ಹುಳು ಬಂತು ಅಂತ ಬೈದುಕೊಳ್ಳುತ್ತೀರಿ.

ಮೊದಲು ಒಣಗಿಸಿ. ಖರೀದಿ ಕೇಂದ್ರದವರು 12 ಶೇಕಡಾ ತೇವದ ಒಳಗಿರಬೇಕು ಅನ್ನುತ್ತಾರೆ. ತಿಂಗಳುಗಟ್ಟಲೆ ಇಡುವವರಿಗೆ ಇನ್ನೂ ಕಡಿಮೆ ಇದ್ದಷ್ಟು ಒಳ್ಳೆಯದು. ಮೀಟರ್ ಇಲ್ಲವಾ? ಒಣಗಿದ ಗಾಜಿನ ಬಾಟಲಿಗೆ ಮೂರನೇ ಒಂದು ಭಾಗ ಕಾಳು, ಎರಡು ಚಮಚ ಹುರಿದು ಆರಿಸಿದ ಉಪ್ಪು ಹಾಕಿ ಮುಚ್ಚಿ ಚೆನ್ನಾಗಿ ಅಲ್ಲಾಡಿಸಿ. ಕಾಲು ಗಂಟೆ ಬಿಟ್ಟು ನೋಡಿ. ಉಪ್ಪು ಗಾಜಿಗೆ ಅಂಟಿದರೆ ಕಾಳು ಇನ್ನೂ ಹಸಿ, ಬಿಸಿಲಿಗೆ ಹಾಕಿ. ಅಂಟದಿದ್ದರೆ 15ರ ಒಳಗೆ ಬಂದಿದೆ ಅಂತ ತಿಳಿಯಿರಿ. ಅಲ್ಲಿಗೆ ನಿಲ್ಲಿಸದೆ ಇನ್ನೂ ಒಂದೆರಡು ಬಿಸಿಲು ಕೊಡಿ. ಇದು ಅಂದಾಜು ಪರೀಕ್ಷೆ, ಮೀಟರ್ ಅಲ್ಲ.

200 ಚೀಲಕ್ಕೆ ನನಗೆ ಸರಿ ಅನಿಸುವುದು ಗಾಳಿ ಆಡದ ಪ್ಲಾಸ್ಟಿಕ್ ಒಳಚೀಲ. ಮೂರು ಪದರದ ಚೀಲಗಳು ಸಿಗುತ್ತವೆ. ಒಳಗೆ ಎರಡು ದಪ್ಪ ಪಾಲಿಥಿನ್, ಹೊರಗೆ ನೇಯ್ದ ಚೀಲ. ಒಂದೊಂದನ್ನೂ ಬೇರೆ ಬೇರೆಯಾಗಿ ತಿರುಚಿ, ಮಡಿಸಿ, ಬಿಗಿಯಾಗಿ ಕಟ್ಟಬೇಕು. ಒಳಗಿದ್ದ ಹುಳುವೇ ಇದ್ದ ಆಮ್ಲಜನಕ ಮುಗಿಸಿಕೊಂಡು ಸಾಯುತ್ತದೆ. ಕಾಳು ಹಸಿ ಇದ್ದರೆ ಮಾತ್ರ ಈ ಚೀಲ ಬೇಡವೇ ಬೇಡ, ಬೂಷ್ಟು ಹಿಡಿಯುತ್ತದೆ. ನಡುವೆ ಬಿಚ್ಚಿ ಬಿಚ್ಚಿ ನೋಡುವ ಚಾಳಿ ಇದ್ದರೂ ಬೇಡ. ಚೀಲದ ಕೆಳಗೆ ಹಲಗೆ ಇರಲಿ, ಗೋಡೆಯಿಂದ ಎರಡಡಿ ದೂರ ಇರಲಿ. ಕಬ್ಬಿಣದ ಸ್ಟ್ಯಾಂಡಿನ ಚೂಪು ಅಂಚು ಈ ಪ್ಲಾಸ್ಟಿಕ್ಕನ್ನು ಹರಿಯುತ್ತದೆ. ಸ್ಟ್ಯಾಂಡ್ ಬೇಡ ಅಂದದ್ದಕ್ಕೆ ಅದೂ ಒಂದು ಕಾರಣ.

ಹಿಂದಿನವರು ತೊಗರಿಯನ್ನು ಬೇಳೆ ಒಡೆಸಿ ಇಟ್ಟುಕೊಳ್ಳುತ್ತಿದ್ದರಲ್ಲ, ಅದರಲ್ಲೂ ಅರ್ಥವಿದೆ. ಈ ಹುಳುವಿಗೆ ಇಡೀ ಕಾಳೇ ಇಷ್ಟ, ಒಡೆದ ಬೇಳೆಗೆ ಅಷ್ಟು ಬರುವುದಿಲ್ಲ.

ಹುಳು ಸಾಯಲು ಮಾತ್ರೆ ಇಡುತ್ತೇವೆ ಅಂತ ಯಾರಾದರೂ ಹೇಳಿದರೆ ಬಿಲ್‌ಕುಲ್ ಒಪ್ಪಬೇಡಿ. ಅಲ್ಯುಮಿನಿಯಂ ಫಾಸ್ಫೈಡ್ ಮಾತ್ರೆಯಿಂದ ಬರುವ ಗ್ಯಾಸಿಗೆ ಪ್ರತ್ಯೌಷಧ ಇಲ್ಲ. ಪರವಾನಗಿ ಇದ್ದವರು, ಜನ ವಾಸವಿಲ್ಲದ ಗೋದಾಮಿನಲ್ಲಿ ಮಾತ್ರ ಬಳಸಬೇಕಾದದ್ದು. ನೀವು ಬರೆದಿರುವುದು ಮನೆ ಅಂತ. ಪಕ್ಕದ ಕೋಣೆಯಲ್ಲಿ ಮಕ್ಕಳು ಮಲಗಿರುತ್ತಾರೆ.

ನಡುವೆ ದುಡ್ಡು ಬೇಕಾಗುವುದಾದರೆ ಇನ್ನೊಂದು ದಾರಿಯಿದೆ. 2007ರ ಉಗ್ರಾಣ ಕಾನೂನಿನಡಿ ನೋಂದಣಿಯಾದ ಗೋದಾಮಿನಲ್ಲಿ ಇಡಿ. ಅಲ್ಲಿ ಕೊಡುವ ಎಲೆಕ್ಟ್ರಾನಿಕ್ ರಸೀದಿ ಮೇಲೆ ಬ್ಯಾಂಕಿನಲ್ಲಿ ಸಾಲ ಸಿಗುತ್ತದೆ, ತೊಗರಿ ಮಾರದೆಯೇ. ಬಾಡಿಗೆ, ಬಡ್ಡಿ ಎರಡನ್ನೂ ಮೊದಲೇ ಕೇಳಿ, ಬೆಲೆ ಎಷ್ಟು ಏರಿದರೆ ಆ ಖರ್ಚು ಗಿಟ್ಟುತ್ತದೆ ಅಂತ ಹನ್ನೆರಡು ಜನ ಕೂತು ಲೆಕ್ಕ ಹಾಕಿ. ಏರುವುದೇ ಇಲ್ಲ ಅಂತಲೂ ಒಂದು ಲೆಕ್ಕ ಹಾಕಿಡಿ.

ಪ್ರಶ್ನೆ: ಬೇಳೆ ಗೋದಾಮಿನಲ್ಲಿ ಇಲಿ ಕಾಟ. ಬೆಕ್ಕು ಸಾಕಬಹುದಾ?
– ಚಿತ್ತಾಪುರದಿಂದ, ಹೆಸರು ಹಾಕಬೇಡಿ ಅಂದಿದ್ದಾರೆ

ನನಗೂ ಬೆಕ್ಕು ಇಷ್ಟ. ಆದರೆ ತಿನ್ನುವ ಪದಾರ್ಥ ಇಡುವ ಜಾಗದಲ್ಲಿ ಪ್ರಾಣಿ ಇರಬಾರದು ಅಂತ ಆಹಾರ ಸುರಕ್ಷತೆ ನಿಯಮ ಹೇಳುತ್ತದೆ. ತಪಾಸಣೆಗೆ ಬಂದವರಿಗೆ ಮೊದಲು ಕಾಣುವುದೂ ಬೆಕ್ಕೇ. ಥಪ್ಪಿಯ ಮೇಲೆ ಅದು ಮಾಡುವ ಬೇರೆ ಕೆಲಸಗಳನ್ನು ನಾನು ಇಲ್ಲಿ ಬರೆಯುವುದಿಲ್ಲ.

ಇಲಿಮರಿ ಪೆನ್ಸಿಲ್ ತೂರುವಷ್ಟು ಸಂದಿನಲ್ಲೂ ಬರುತ್ತದೆ. ಸಂಜೆ ಕತ್ತಲಾದ ಮೇಲೆ ನೀವು ಒಳಗೆ ನಿಂತು ದೀಪ ಆರಿಸಿ, ಶಟರ್ ಪೂರಾ ಇಳಿಸಿ. ಒಬ್ಬ ಹುಡುಗ ಹೊರಗೆ ನಿಂತು ಟಾರ್ಚನ್ನು ಶಟರಿನ ಬುಡಕ್ಕೆ, ಪತ್ರಾ ಗೋಡೆ ಸೇರುವ ಕಡೆ, ಪೈಪು ಒಳಬರುವ ತೂತಿಗೆ ಬಿಡುತ್ತ ಹೋಗಲಿ. ಬೆಳಕು ಒಳಗೆ ಬಂದ ಕಡೆಯೆಲ್ಲ ಸೀಮೆಸುಣ್ಣದಿಂದ ಗುರುತು ಹಾಕಿ. ಮರುದಿನ ಗೌಂಡಿಗೆ ಸಿಮೆಂಟು, ತಂತಿ ಜಾಲರಿ ಕೊಟ್ಟು ಅಲ್ಲೆಲ್ಲ ಮುಚ್ಚಿಸಿ. ಶಟರಿನ ಬುಡಕ್ಕೆ ಮಾತ್ರ ಸಿಮೆಂಟು ನಡೆಯದು, ತಗಡಿನ ಪಟ್ಟಿ ಬೇಕು. ರಬ್ಬರ್ ಹಾಕಿಸಿದರೆ ಎಂಟು ದಿನಕ್ಕೆ ತಿಂದುಹಾಕುತ್ತವೆ.